ಲಿಪ್‌ಶಿಟ್ಸ್, ಶಂಕು, ಗೋಲಿ: ಡೊಮೈನಿನ ಅಂಚಿಗೆ ಇಷ್ಟೊಂದು ಷರತ್ತು ಯಾಕೆ?

ಅಂಚಿನಲ್ಲಿರುವವ
ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ, ವಿಷಯ ಪಿಡಿಇ, ಅಂದರೆ ಆಂಶಿಕ ಅವಕಲ ಸಮೀಕರಣ. ಡೊಮೈನ್ ಅಂದರೆ ಆ ಸಮೀಕರಣವನ್ನು ಬಿಡಿಸುವ ಜಾಗ. ಡೊಮೈನಿನ ಅಂಚಿಗೆ ಹಾಕುವ ಷರತ್ತುಗಳನ್ನು ಬಿಗಿಯಿಂದ ಸಡಿಲಕ್ಕೆ ಜೋಡಿಸಿ ಮೂರು ದಿನದಿಂದ ಒಂದು ಏಣಿ ಬರೆಯಲು ಹೋಗಿ ಸೋತಿದ್ದೇನೆ.

ಓದುವ ಪ್ರತಿ ಪೇಪರೂ "ಡೊಮೈನಿನ ಅಂಚು ಚೆನ್ನಾಗಿದೆ ಅಂದುಕೊಳ್ಳೋಣ" ಎಂದೇ ಶುರುವಾಗುತ್ತದೆ. ಆದರೆ ಆ "ಚೆನ್ನಾಗಿ" ಒಬ್ಬೊಬ್ಬರಿಗೆ ಒಂದೊಂದು. ಒಬ್ಬರಿಗೆ ಲಿಪ್‌ಶಿಟ್ಸ್ ಬೇಕು. ಇನ್ನೊಬ್ಬರಿಗೆ ಕೋನ್ ಕಂಡಿಶನ್. ಮತ್ತೊಬ್ಬರು ಒಳಗೋಳದ ಷರತ್ತು ಅನ್ನುತ್ತಾರೆ, ಮಗದೊಬ್ಬರು ಸಿ-1,1. ನಾನು ಬರೆದ ಏಣಿ ಹೀಗಿದೆ: ಮೇಲೆ ಸಿ-2 (ಅಂಚನ್ನು ಎರಡು ಸಲ ಡಿಫರೆನ್ಷಿಯೇಟ್ ಮಾಡಬಹುದು, ಫಲ ನಿರಂತರ), ಅದರ ಕೆಳಗೆ ಸಿ-1,1 (ಸಿ-2 ಮತ್ತು ಸಿ-1ರ ನಡುವಿನದು), ಆಮೇಲೆ ಸಿ-1 (ಒಂದು ಸಲ ಮಾತ್ರ), ಆಮೇಲೆ ಲಿಪ್‌ಶಿಟ್ಸ್, ಕೊನೆಗೆ ಕೋನ್. ಗೋಳದ್ದನ್ನು ಯಾವ ಮೆಟ್ಟಿಲಿಗೆ ಸಿಕ್ಕಿಸುವುದು ಗೊತ್ತಾಗುತ್ತಿಲ್ಲ.

ಮೂರು ಪ್ರಶ್ನೆ. ಲಿಪ್‌ಶಿಟ್ಸ್ ಮತ್ತು ಕೋನ್ ಒಂದೇನಾ? ಗೋಳ ಎಲ್ಲಿ ಬರುತ್ತದೆ? ಚಪ್ಪಟೆ ಮುಖಗಳಿಂದಾದ ಆಕಾರ, ಅಂದರೆ ಬಹುಮುಖಿ, ಯಾವಾಗಲೂ ಲಿಪ್‌ಶಿಟ್ಸ್ ತಾನೇ? ನನ್ನ ಡೊಮೈನ್ ಬಹುಮುಖಿಯೇ. ಹಾಗಾಗಿ ಮೂರನೆಯದರ ಬಗ್ಗೆ ಅಷ್ಟು ಚಿಂತೆಯಿಲ್ಲ. ಸುಮ್ನೆ ಖಚಿತ ಮಾಡಿಕೊಳ್ಳೋಣ ಅಂತ.

ಬೆಣ್ಣೆದೋಸೆ
ಎರಡೂ ಒಂದೇ ಗುರು. ಕೋನ್ ಅಂದರೂ ಲಿಪ್‌ಶಿಟ್ಸ್ ಅಂದರೂ ಅಷ್ಟೇ. ನಮ್ಮ ಎಂಎಸ್ಸಿ ನೋಟ್ಸಿನಲ್ಲಿ ಹಾಗೇ ಇದೆ. ಮುಗೀತು.

ಮೇಷ್ಟ್ರು_ನಿವೃತ್ತ
ಮುಗಿದಿಲ್ಲ, ಈಗ ಶುರು.

ಮೊದಲು ಒಂದು ಮಾತು. "ಕೋನ್" ಅಂದಾಗ ನಮ್ಮ ಹುಡುಗರಿಗೆ "ಕೋನ" ಕೇಳಿಸುತ್ತದೆ. ತರಗತಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ, ಕೋನ್ ಬರೆ ಅಂದರೆ ಎರಡು ಗೆರೆ ಎಳೆದು ಡಿಗ್ರಿ ಹಾಕುತ್ತಾರೆ. ಕೋನ ಬೇರೆ, ಶಂಕು ಬೇರೆ. ಕಡಲೆಕಾಯಿ ಪೊಟ್ಟಣ ನೆನಪಿಸಿಕೊಳ್ಳಿ, ಅದು ಶಂಕು. ಇಲ್ಲಿಂದ ಮುಂದೆ ನಾನು ಶಂಕು ಅಂತಲೇ ಬರೆಯುತ್ತೇನೆ.

ಸಾದಾ ಶಂಕು ಷರತ್ತು ಹೇಳುವುದು ಇಷ್ಟು. ಒಂದೇ ಅಳತೆಯ ಪೊಟ್ಟಣ ಕೈಯಲ್ಲಿದೆ. ಡೊಮೈನಿನ ಯಾವ ಬಿಂದುವಿಗೆ ಹೋದರೂ ಪೊಟ್ಟಣದ ಚೂಪು ತುದಿಯನ್ನು ಅಲ್ಲಿ ಊರಿ, ಪೂರ್ತಿ ಪೊಟ್ಟಣ ಡೊಮೈನ್ ಒಳಗೇ ಇರುವ ಹಾಗೆ ಹಿಡಿಯಲು ಆಗಬೇಕು. ಯಾವ ದಿಕ್ಕಿಗೆ ತಿರುಗಿಸಿ ಹಿಡಿದರೂ ಸರಿ, ಬಿಂದುವಿಗೊಂದು ದಿಕ್ಕು ಇದ್ದರೂ ಸರಿ.

ಈಗ ಒಂದು ವೃತ್ತದ ತಟ್ಟೆ ತೆಗೆದುಕೊಳ್ಳಿ. ಅಂಚಿನಿಂದ ನಡುವಿನ ತನಕ ಒಂದು ಗೆರೆಯನ್ನು ಕತ್ತರಿಸಿ ತೆಗೆಯಿರಿ. ಅಗಲವಿಲ್ಲದ ಬರೀ ಸೀಳು. ಸೀಳಿನ ಮೇಲ್ಬದಿಯಲ್ಲಿ ನಿಂತರೆ ಪೊಟ್ಟಣವನ್ನು ಮೇಲಕ್ಕೆ ಹಿಡಿಯುತ್ತೀರಿ. ಕೆಳಬದಿಯಲ್ಲಿ ನಿಂತರೆ ಕೆಳಕ್ಕೆ. ಎಲ್ಲ ಕಡೆ ಜಾಗ ಇದೆ, ಶಂಕು ಷರತ್ತು ಪಾಸ್. ಆದರೆ ಲಿಪ್‌ಶಿಟ್ಸ್? ಲಿಪ್‌ಶಿಟ್ಸ್ ಅಂದರೆ ಅಂಚಿನ ಹತ್ತಿರ ಕಾಗದವನ್ನು ಬೇಕಾದ ಹಾಗೆ ತಿರುಗಿಸಿ ನೋಡಿದಾಗ ಅಂಚು ಒಂದು ಗ್ರಾಫ್ ಆಗಿ ಕಾಣಬೇಕು, ಆ ಗ್ರಾಫಿನ ಇಳಿಜಾರಿಗೆ ಮಿತಿ ಇರಬೇಕು, ಡೊಮೈನ್ ಗ್ರಾಫಿನ ಒಂದೇ ಬದಿಗೆ ಇರಬೇಕು. ಸೀಳಿನಲ್ಲಿ ಡೊಮೈನ್ ಎರಡೂ ಬದಿಗಿದೆ. ಫೇಲ್.

ಬೆಣ್ಣೆದೋಸೆ
ಮೇಷ್ಟ್ರೇ, ಹಾಗಾದರೆ ನನ್ನ ನೋಟ್ಸಿನಲ್ಲಿರುವುದು ಸುಳ್ಳಾ? ಪರೀಕ್ಷೆಯಲ್ಲೂ ಅದನ್ನೇ ಬರೆದು ಅಂಕ ತಗೊಂಡಿದ್ದೇನೆ 😅

ಮೇಷ್ಟ್ರು_ನಿವೃತ್ತ
ಅಂಕ ವಾಪಸ್ ಕೊಡಬೇಡಿ. ನೋಟ್ಸಿನಲ್ಲಿ ಒಂದು ಪದ ಬಿಟ್ಟುಹೋಗಿರಬೇಕು ಅಷ್ಟೇ: "ಏಕರೂಪ". ಏಕರೂಪ ಶಂಕು ಷರತ್ತು ಅಂದರೆ ಲಿಪ್‌ಶಿಟ್ಸಿಗೆ ಸಮ, ಡೊಮೈನ್ ಸೀಮಿತವಾಗಿದ್ದರೆ. ಎರಡಕ್ಕೂ ಇರುವ ವ್ಯತ್ಯಾಸ ದಿಕ್ಕಿನದು. ಅಂಚಿನ ಒಂದು ಬಿಂದುವಿನ ಆಸುಪಾಸಿನಲ್ಲಿ ಎಲ್ಲರೂ ಪೊಟ್ಟಣವನ್ನು ಒಂದೇ ದಿಕ್ಕಿಗೆ ಹಿಡಿಯಬೇಕು. ಪಕ್ಕದವನು ಮೇಲಕ್ಕೆ ಹಿಡಿದರೆ ನೀವೂ ಮೇಲಕ್ಕೇ.

ಇದರಿಂದ ಗ್ರಾಫ್ ಹೇಗೆ ಹುಟ್ಟುತ್ತದೆ ಎನ್ನುವುದು ನನಗೆ ಬಹಳ ಇಷ್ಟದ ಭಾಗ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

"ಪ" ಅಂಚಿನ ಒಂದು ಬಿಂದು. ಅಲ್ಲಿ ಶಂಕುವನ್ನು ಮೇಲ್ಮುಖವಾಗಿ ಹಿಡಿದಿದ್ದೇವೆ ಅಂತಿರಲಿ. ಈಗ ಅದೇ ಶಂಕುವನ್ನು ತಲೆಕೆಳಗು ಮಾಡಿ ಪ ಕೆಳಗೆ ಇಡಿ. ಈ ಕೆಳಗಿನ ಶಂಕುವಿನಲ್ಲಿ ಡೊಮೈನಿನ ಒಂದು ಬಿಂದು "ಕ" ಇದೆ ಎಂದು ಯಾರೋ ವಾದಿಸಿದರು. ಸರಿ, ಆ ಕ ಮೇಲೂ ಷರತ್ತಿನ ಪ್ರಕಾರ ಅದೇ ದಿಕ್ಕಿಗೆ ಶಂಕು ನಿಲ್ಲಿಸಿ. ಕ ಬಿಂದು ಪ ಕೆಳಗಿನ ಶಂಕುವಿನಲ್ಲಿದ್ದರೆ, ಪ ಬಿಂದು ಕ ಮೇಲಿನ ಶಂಕುವಿನಲ್ಲಿ ಇದ್ದೇ ಇರುತ್ತದೆ. ಆ ಶಂಕು ಪೂರ್ತಿ ಡೊಮೈನ್ ಒಳಗಿದೆ. ಅಂದರೆ ಪ ಕೂಡ ಒಳಗಿದೆ. ಆದರೆ ಪ ಅಂಚಿನ ಬಿಂದು, ಡೊಮೈನ್ ಓಪನ್ ಸೆಟ್ (ತನ್ನ ಅಂಚು ತನ್ನಲ್ಲಿ ಸೇರದ್ದು), ಅಂಚಿನ ಬಿಂದು ಒಳಗಿರಲು ಸಾಧ್ಯವಿಲ್ಲ. ವಾದ ಬಿತ್ತು.

ಹಾಗಾಗಿ ಮೇಲಿನ ಶಂಕು ಪೂರ್ತಿ ಒಳಗೆ, ಕೆಳಗಿನ ಶಂಕು ಪೂರ್ತಿ ಹೊರಗೆ. ಎರಡೂ ಸೇರಿದರೆ ಏನು ಆಕಾರ? ಬುಡಬುಡಿಕೆ! ಬೆಳಗ್ಗೆ ಬೀದಿಯಲ್ಲಿ ಬರುತ್ತಿದ್ದ ಬುಡಬುಡಿಕೆಯವರ ಕೈಯಲ್ಲಿರುತ್ತಿತ್ತಲ್ಲ, ಅದೇ. ಅಂಚಿನ ಪ್ರತಿ ಬಿಂದುವಿನಲ್ಲೂ ಒಂದು ಬುಡಬುಡಿಕೆ ನಿಂತಿದೆ. ನಡು ಬಿಂದುವಿನ ಮೇಲೆ, ಎಲ್ಲವೂ ಒಂದೇ ದಿಕ್ಕಿಗೆ. ಅಂಚು ಬುಡಬುಡಿಕೆಯ ಒಳಗೆ ನುಗ್ಗುವ ಹಾಗಿಲ್ಲ, ನಡುವಿನಲ್ಲಿ ಮಾತ್ರ ಹಾದುಹೋಗಬೇಕು. ಹಾಗಾದರೆ ಅಂಚಿನ ಎರಡು ಬಿಂದು ಒಂದರ ನೆತ್ತಿಯ ಮೇಲೆ ಇನ್ನೊಂದು ಇರಲಾರವು. ಅಂದರೆ ಅಂಚು ಗ್ರಾಫ್ ಆಯಿತು. ಇಳಿಜಾರಿಗೂ ಮಿತಿ ತಾನಾಗಿ ಬಂತು. ಶಂಕುವಿನ ಅರ್ಧಕೋನ 45 ಡಿಗ್ರಿ ಇದ್ದರೆ ಇಳಿಜಾರು 1ಕ್ಕಿಂತ ಜಾಸ್ತಿ ಆಗದು. 30 ಡಿಗ್ರಿ ಇದ್ದರೆ ಸುಮಾರು 1.73. ಬರೀ 10 ಡಿಗ್ರಿಯ ಬಡಕಲು ಬುಡಬುಡಿಕೆಯಾದರೆ 5.67ರ ತನಕ ಹೋಗಬಹುದು. ಅರ್ಧಕೋನದ ಕೋಟ್ಯಾಂಜೆಂಟೇ ಲಿಪ್‌ಶಿಟ್ಸ್ ಸ್ಥಿರಾಂಕ.

(ನೋಡಿ, ಶಂಕುವಿಗೂ ಒಂದು ಕೋನ ಬೇಕೇ ಬೇಕಾಯಿತು. ಹುಡುಗರದ್ದು ಪೂರ್ತಿ ತಪ್ಪಲ್ಲ.)

ಅಂಚಿನಲ್ಲಿರುವವ
ಸರ್, ಮೂರು ದಿನ ಪುಟ ತಿರುವಿದರೂ ತಲೆಗೆ ಹೋಗದ್ದು ಬುಡಬುಡಿಕೆಯಲ್ಲಿ ಹೋಯಿತು. ಧನ್ಯವಾದ. ಗೋಳದ ಕಥೆ?

ಗೋಲಿಸೋಡ
ಇದು ನನಗೆ ಬಿಡಿ. ಗೋಳ ಅನ್ನಬೇಡಿ, ಗೋಲಿ ಅನ್ನಿ. ಡೊಮೈನ್ ಒಂದು ಡಬ್ಬಿ. ಒಳಗೆ ಗೋಲಿ ಹಾಕಿ ಗೋಡೆಗೆ ತಾಗಿಸಿಕೊಂಡು ಉರುಳಿಸಿ. ಗೋಡೆಯ ಪ್ರತಿ ಬಿಂದುವಿಗೂ ಗೋಲಿ ತಾಗಿದರೆ ಒಳಗೋಳದ ಷರತ್ತು ಪಾಸ್. ಚೌಕ ಡಬ್ಬಿಯ ಮೂಲೆಗೆ ಎಷ್ಟೇ ಚಿಕ್ಕ ಗೋಲಿಯೂ ತಾಗುವುದಿಲ್ಲ. ಮೂಲೆಯಲ್ಲಿ ಧೂಳು ಉಳಿಯುವುದು ಅದಕ್ಕೇ. ಹೊರಗಿನಿಂದ ಉರುಳಿಸಿದರೆ ಹೊರಗೋಳದ ಷರತ್ತು. ಚೌಕಕ್ಕೆ ಅದು ಸಲೀಸು, ಮೂಲೆಗೂ ಹೊರಗಿನಿಂದ ಗೋಲಿ ತಾಗುತ್ತದೆ. ಉಬ್ಬಿದ ಯಾವ ಆಕಾರಕ್ಕೂ, ಅಂದರೆ ಕಾನ್ವೆಕ್ಸಿಗೆ, ಹೊರಗಿನಿಂದ ಫುಟ್‌ಬಾಲ್ ಉರುಳಿಸಿದರೂ ತಾಗುತ್ತದೆ.

ಒಳಗಿನಿಂದಲೂ ಹೊರಗಿನಿಂದಲೂ ಒಂದೇ ಗಾತ್ರದ ಗೋಲಿ ಎಲ್ಲ ಕಡೆ ತಾಗಿದರೆ ಅಂಚು ಸಿ-1,1. ಅಂದರೆ ಪ್ರತಿ ಬಿಂದುವಿನಲ್ಲೂ ಸ್ಪರ್ಶತಲ ಇದೆ, ಅದು ತಿರುಗುವ ವೇಗಕ್ಕೆ ಲಿಪ್‌ಶಿಟ್ಸ್ ಮಿತಿ ಇದೆ. ಇದು ಹಿಂದಕ್ಕೂ ನಿಜ: ಸೀಮಿತ ಡೊಮೈನಿನ ಅಂಚು ಸಿ-1,1 ಆಗಿದ್ದರೆ ಎರಡೂ ಬದಿಗೆ ತಾಗುವ ಒಂದು ಗೋಲಿ ಸಿಕ್ಕೇ ಸಿಗುತ್ತದೆ.

ಗೋಲಿ ಯಾಕೆ ಬೇಕು? ಹಾಪ್ಫ್ ಲೆಮ್ಮಾಗೆ. ಎಬರ್ಹಾರ್ಡ್ ಹಾಪ್ಫ್ ಮತ್ತು ಓಲ್ಗಾ ಒಲೈನಿಕ್ ಇಬ್ಬರೂ 1952ರಲ್ಲಿ ಬೇರೆಬೇರೆಯಾಗಿ ತೋರಿಸಿದ್ದು. ಒಳಗೆಲ್ಲ ಧನಾತ್ಮಕವಾಗಿದ್ದು ಅಂಚಿನಲ್ಲಿ ಸೊನ್ನೆಯಾಗುವ ಹಾರ್ಮೋನಿಕ್ ಫಂಕ್ಷನ್ (ಎಲ್ಲ ಅಕ್ಷಗಳ ಕಡೆಯ ಎರಡನೇ ಡೆರಿವೇಟಿವ್‌ಗಳ ಮೊತ್ತ ಸೊನ್ನೆ ಇರುವಂಥದ್ದು) ಇದ್ದರೆ, ಗೋಲಿ ತಾಗುವ ಬಿಂದುವಿನಲ್ಲಿ ಅದು ನೆಲ ಸವರಿಕೊಂಡು ಏಳುವುದಿಲ್ಲ, ಒಂದು ಇಳಿಜಾರು ಇಟ್ಟುಕೊಂಡೇ ಏಳುತ್ತದೆ. ಗೋಲಿ ತಾಗದ ಮೂಲೆಯಲ್ಲಿ ಏನಾಗುತ್ತದೆ ನೋಡಿ. ಮೊದಲ ಕಾಲುಭಾಗದಲ್ಲಿ ಎಕ್ಸ್ ಗುಣಿಸು ವೈ ತೆಗೆದುಕೊಳ್ಳಿ. ಹಾರ್ಮೋನಿಕ್ ಹೌದು, ಒಳಗೆ ಧನಾತ್ಮಕ, ಎರಡೂ ಅಕ್ಷದ ಮೇಲೆ ಸೊನ್ನೆ. ಮೂಲಬಿಂದುವಿನಲ್ಲಿ ಎರಡೂ ಡೆರಿವೇಟಿವ್ ಸೊನ್ನೆ. ಲೆಮ್ಮಾ ಅಲ್ಲಿ ಸತ್ತಿತು.

ಅಂಚಿನಲ್ಲಿರುವವ ಅವರ ಏಣಿಗೆ ಬೇಕಾದ ಉದಾಹರಣೆ: ವೈ > |ಎಕ್ಸ್|ನ 3/2 ಘಾತ. ಇದು ಸಿ-1, ನೋಡಲು ನುಣುಪು. ಆದರೆ ಒಳಗೋಳ ಮೂಲಬಿಂದುವಿಗೆ ತಾಗದು. ಗೋಲಿಯ ತಳ ಎಕ್ಸ್‌ನ ವರ್ಗದ ಹಾಗೆ ಏಳುತ್ತದೆ, ಗೋಡೆ ಅದಕ್ಕಿಂತ ಬೇಗ ಏಳುತ್ತದೆ, ಗೋಲಿ ಗೋಡೆಯನ್ನು ಕೊರೆಯುತ್ತದೆ. ಆದ್ದರಿಂದ ಅಲ್ಲೂ ಹಾಪ್ಫ್ ಸುಳ್ಳು.

ತುಂಗಭದ್ರೆ
ಗೋಲಿಸೋಡ ಅವರೇ, ಕೊನೆಯ ವಾಕ್ಯ ಬಿಟ್ಟು ಎಲ್ಲಾ ಸರಿ. ಗೋಲಿ ತಾಗಿದರೆ ಹಾಪ್ಫ್ ನಿಜ. ಗೋಲಿ ತಾಗದಿದ್ದರೆ ಹಾಪ್ಫ್ ಸುಳ್ಳು ಅಂತ ಯಾರೂ ಹೇಳಿಲ್ಲ. ನಿಮ್ಮ 3/2 ಘಾತದ ಅಂಚಿನಲ್ಲಿ ಇಳಿಜಾರೇ ಹೋಲ್ಡರ್ ನಿರಂತರ (ಇಳಿಜಾರಿನ ಬದಲಾವಣೆ ದೂರದ ಒಂದು ಘಾತದ ಮಿತಿಯೊಳಗಿದೆ), ಅಂಥ ಅಂಚಿಗೆ ಹಾಪ್ಫ್ ನಿಲ್ಲುತ್ತದೆ.

ನಿಜವಾಗಿ ಕೆಡುವ ಸಿ-1 ಅಂಚು ಬೇಕಾದರೆ ಇದನ್ನು ತೆಗೆದುಕೊಳ್ಳಿ: ವೈ > |ಎಕ್ಸ್| ಭಾಗಿಸು ಲಾಗ್(1/|ಎಕ್ಸ್|). ಮೂಲಬಿಂದುವಿನಲ್ಲಿ ಇಳಿಜಾರು ಸೊನ್ನೆಗೆ ಹೋಗುತ್ತದೆ, ಹಾಗಾಗಿ ಸಿ-1 ಹೌದು. ಆದರೆ ಬಹಳ ಸೋಮಾರಿಯಾಗಿ ಹೋಗುತ್ತದೆ. ಆರ್ ದೂರದಲ್ಲಿ ಡೊಮೈನಿನ ಕೋನ ಸುಮಾರು ಪೈ ಕಳೆ 2/ಲಾಗ್(1/ಆರ್). ಈ ಸಣ್ಣ ಕೊರತೆಗಳನ್ನು ಒಂದರ ಮೇಲೊಂದು ಕೂಡಿಸುತ್ತಾ ಹೋದರೆ ಮೊತ್ತ ಲಾಗ್‌ನ ಲಾಗ್ ಆಗಿ ಅನಂತಕ್ಕೆ ಹೋಗುತ್ತದೆ. ಫಲ: ಫಂಕ್ಷನ್ ಆರ್‌ಗಿಂತ ಸ್ವಲ್ಪವೇ ಸ್ವಲ್ಪ ನಿಧಾನವಾಗಿ ಏಳುತ್ತದೆ, ಡೆರಿವೇಟಿವ್ ಸೊನ್ನೆ. 3/2 ಘಾತದಲ್ಲಿ ಅದೇ ಮೊತ್ತ ಸೀಮಿತ. ಅಷ್ಟೇ ವ್ಯತ್ಯಾಸ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಗೋಲಿಸೋಡ
ಒಪ್ಪಿದೆ ಮೇಡಂ. ಅವಸರದಲ್ಲಿ ಬರೆದೆ. ಮೇಲಿನದನ್ನು ತಿದ್ದುವುದಿಲ್ಲ, ಓದುವವರಿಗೆ ಪಾಠವಾಗಲಿ.

ಸೈಟ್_ಇಂಜಿನಿಯರ್
ನಾನು ಗಣಿತದವನಲ್ಲ, ಫೈನೈಟ್ ಎಲಿಮೆಂಟ್ ಓಡಿಸುವವನು, ಅಂದರೆ ಆಕಾರವನ್ನು ಸಣ್ಣ ತುಂಡುಗಳ ಬಲೆಯಾಗಿ (ಮೆಶ್) ಒಡೆದು ಲೆಕ್ಕ ಮಾಡುವವನು. ನನ್ನ ಕಡೆಯಿಂದ ಒಂದು ಅನುಭವ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ ಆಕಾರದ ಒಂದು ಭಾಗದ ಲೆಕ್ಕ ಮಾಡುತ್ತಿದ್ದೆ. ಒಳಮೂಲೆಯಲ್ಲಿ ಸ್ಟ್ರೆಸ್ ಒಂದು ಸಂಖ್ಯೆ ಬಂತು. ಮೆಶ್ ಸಣ್ಣ ಮಾಡಿದೆ, ಜಾಸ್ತಿ ಆಯಿತು. ಇನ್ನೂ ಸಣ್ಣ ಮಾಡಿದೆ, ಇನ್ನೂ ಜಾಸ್ತಿ. ಸಾಫ್ಟ್‌ವೇರ್ ಕೆಟ್ಟಿದೆ ಅಂತ ಎರಡು ದಿನ ಹಾಳು ಮಾಡಿದೆ. ಆಮೇಲೆ ಹಿರಿಯರೊಬ್ಬರು ನಕ್ಕು ಹೇಳಿದರು, ಅಲ್ಲಿ ನಿಜ ಉತ್ತರವೇ ಅನಂತ ಮಾರಾಯ, ಮೆಶ್ ಏನು ಮಾಡುತ್ತದೆ ಅಂತ.

ಎಲ್ ಆಕಾರ ಲಿಪ್‌ಶಿಟ್ಸ್ ತಾನೇ? ಹಾಗಾದರೆ "ಚೆನ್ನಾಗಿರುವ" ಅಂಚಿನಲ್ಲಿ ಯಾಕೆ ಹೀಗೆ?

ತುಂಗಭದ್ರೆ
ಒಳ್ಳೆಯ ಪ್ರಶ್ನೆ. ಲಿಪ್‌ಶಿಟ್ಸ್ ಅನ್ನುವುದು ಎಲ್ಲ ಕೆಲಸಕ್ಕೂ ಲೈಸೆನ್ಸ್ ಅಲ್ಲ.

ಲಾಪ್ಲಾಸ್ ಸಮೀಕರಣವನ್ನೇ (ಹಾರ್ಮೋನಿಕ್ ಫಂಕ್ಷನ್ ಇದರ ಪರಿಹಾರ) ನೋಡೋಣ, ಸ್ಟ್ರೆಸ್‌ಗಿಂತ ಸುಲಭ. ಮೂಲೆಯ ಒಳಕೋನ ಒಮೆಗಾ ಇದ್ದು, ಅಂಚಿನಲ್ಲಿ ಬೆಲೆ ಸೊನ್ನೆ ಇದ್ದರೆ, ಪರಿಹಾರ ಮೂಲೆಯ ಹತ್ತಿರ ಆರ್‌ನ ಪೈ/ಒಮೆಗಾ ಘಾತದ ಹಾಗೆ ನಡೆದುಕೊಳ್ಳುತ್ತದೆ. 90 ಡಿಗ್ರಿ ಮೂಲೆಗೆ ಘಾತ 2. ಅದೇ ಗೋಲಿಸೋಡ ಅವರ ಎಕ್ಸ್ ಗುಣಿಸು ವೈ. ಎಲ್ ಆಕಾರದ ಒಳಮೂಲೆ 270 ಡಿಗ್ರಿ, ಘಾತ 2/3. ಒಂದು ಸಲ ಡಿಫರೆನ್ಷಿಯೇಟ್ ಮಾಡಿದರೆ ಆರ್‌ನ ಮೈನಸ್ 1/3 ಘಾತ, ಮೂಲೆಯಲ್ಲಿ ಅನಂತಕ್ಕೆ ಹೋಗುತ್ತದೆ. ಎರಡನೇ ಡೆರಿವೇಟಿವಿನ ವರ್ಗವನ್ನು ಇಂಟಿಗ್ರೇಟ್ ಮಾಡಲೇ ಆಗದು. ಮೇಷ್ಟ್ರ ಸೀಳಿನ ತುದಿ 360 ಡಿಗ್ರಿ, ಘಾತ 1/2. ಬಿರುಕಿನ ಶಾಸ್ತ್ರದಲ್ಲಿ ಬರುವ ವರ್ಗಮೂಲ ಇದೇ.

ಒಮೆಗಾ 180ಕ್ಕಿಂತ ಕಡಿಮೆ ಇದ್ದರೆ ತೊಂದರೆಯಿಲ್ಲ. ಕಾನ್ವೆಕ್ಸ್ ಡೊಮೈನಿನಲ್ಲಿ ಎರಡನೇ ಡೆರಿವೇಟಿವ್‌ಗಳು ಹತೋಟಿಯಲ್ಲಿರುತ್ತವೆ, ಮೂಲೆ ಎಷ್ಟೇ ಇರಲಿ. ಆದ್ದರಿಂದ ನಿಮಗೆ ಬೇಕಾದದ್ದು ಲಿಪ್‌ಶಿಟ್ಸ್ ಅಲ್ಲ, ಕಾನ್ವೆಕ್ಸ್ ಅಥವಾ ಸಿ-1,1. ಅಂದಹಾಗೆ ಈ ಎರಡಕ್ಕೂ ಹೊರಗಿನ ಗೋಲಿ ಒಂದೇ ಗಾತ್ರದಲ್ಲಿ ಎಲ್ಲೆಡೆ ತಾಗುತ್ತದೆ, ಗಮನಿಸಿದಿರಾ? ಎಲ್ ಆಕಾರದ ಒಳಮೂಲೆಗೆ ಹೊರಗಿನಿಂದ ಗೋಲಿ ತಾಗುವುದಿಲ್ಲ.

ಸೈಟ್_ಇಂಜಿನಿಯರ್
ಅದಕ್ಕೇನಾ! ಸಮ ಮೆಶ್‌ನಲ್ಲಿ ಅಳತೆ ಅರ್ಧ ಮಾಡಿದಾಗ ತಪ್ಪು ಅರ್ಧ ಆಗಬೇಕಿತ್ತು, ನನಗೆ ಲಾಪ್ಲಾಸ್ ಟೆಸ್ಟಿನಲ್ಲಿ 0.63 ಪಟ್ಟು ಬರುತ್ತಿತ್ತು. 2ರ ಮೈನಸ್ 2/3 ಘಾತ. ಈಗ ಅರ್ಥ ಆಯಿತು.

ಎಲ್ ಅಂದಾಗ ನೆನಪಾಯಿತು, ಮ್ಯಾಟ್‌ಲ್ಯಾಬ್ ಲೋಗೊ ಕೂಡ ಎಲ್ ಆಕಾರದ ಪೊರೆಯ ಮೊದಲ ಕಂಪನದಿಂದ ಬಂದದ್ದು. ಮೂರು ಯೂನಿಟ್ ಚೌಕ ಸೇರಿಸಿದ ಎಲ್‌ಗೆ ಮೊದಲ ಐಗನ್ ಬೆಲೆ (ಕಂಪನದ ವೇಗ ತಿಳಿಸುವ ಸಂಖ್ಯೆ) 9.6397.

ಇನ್ನೊಂದು ವಿಚಿತ್ರ ಹೇಳಿ ಹೋಗುತ್ತೇನೆ. ವೃತ್ತವನ್ನು ಬಹುಭುಜದಿಂದ ಅಂದಾಜು ಮಾಡುವುದು ನಮಗೆ ದಿನದ ಕೆಲಸ. ಬಾಹು ಜಾಸ್ತಿ ಮಾಡಿದರೆ ಉತ್ತರ ವೃತ್ತದ ಉತ್ತರಕ್ಕೆ ಹತ್ತಿರ ಬರಬೇಕು ಅಲ್ವಾ? ಅಂಚಿಗೆ ಸಿಂಪ್ಲಿ ಸಪೋರ್ಟ್ ಕೊಟ್ಟ (ಅಂಚು ಏಳದು, ಇಳಿಯದು, ಆದರೆ ತಿರುಗಬಹುದು) ತೆಳು ಪ್ಲೇಟಿನ ಬಾಗುವಿಕೆಯಲ್ಲಿ ಹಾಗಾಗುವುದಿಲ್ಲ. ಬಾಹು ಸಾವಿರ ಮಾಡಿದರೂ ಬೇರೆ ಉತ್ತರದ ಕಡೆಗೇ ಹೋಗುತ್ತದೆ. ಇವೋ ಬಬುಶ್ಕ ಕಂಡುಕೊಂಡ ವಿರೋಧಾಭಾಸ ಇದು. ವೃತ್ತದ ಅಂಚಿನ ಷರತ್ತಿನಲ್ಲಿ ವಕ್ರತೆಯ ಒಂದು ಪದ ಇದೆ. ಬಹುಭುಜದ ನೇರ ಬಾಹುವಿನಲ್ಲಿ ವಕ್ರತೆ ಸೊನ್ನೆ. ಬಾಹು ಎಷ್ಟು ಚಿಕ್ಕದಾದರೂ ಸೊನ್ನೆ ಸೊನ್ನೆಯೇ.

ಸುಮ್ನೆ_ಬಂದೆ
ಇದನ್ನೆಲ್ಲ ಓದಿ ನನಗೆ ಅರ್ಥವಾದದ್ದು ಗೋಲಿ ಮತ್ತು ಬುಡಬುಡಿಕೆ. ಆದರೂ ಬಿಡಲು ಮನಸ್ಸಾಗುತ್ತಿಲ್ಲ. ಮುಂದುವರಿಸಿ.

ಅಂಚಿನಲ್ಲಿರುವವ
ಹಾಗಾದರೆ ನನ್ನ ಏಣಿಯಲ್ಲಿ ಕೊನೆಯ ಮೆಟ್ಟಿಲು ಶಂಕು. ಅದಕ್ಕಿಂತ ಕೆಳಗೆ ಹೋದರೆ ಎಲ್ಲಾ ಕೆಡುತ್ತದೆ ಅಂತ ಬರೆದುಕೊಳ್ಳಲಾ?

ತುಂಗಭದ್ರೆ
ಬೇಡ. ಏಣಿಯನ್ನೇ ಬಿಡಿ ಅಂತ ನನ್ನ ಸಲಹೆ. ಡೊಮೈನಿನಲ್ಲಿ ನೀವು ಮಾಡಬೇಕಾದ ಕೆಲಸ ಯಾವುದು ಅಂತ ಮೊದಲು ಕೇಳಿಕೊಳ್ಳಿ. ಎರಡು ಉದಾಹರಣೆ ಕೊಡುತ್ತೇನೆ, ಒಂದು ಚೂಪು, ಒಂದು ಒರಟು.

ಚೂಪಿನದು. ಎಕ್ಸ್ 0ಯಿಂದ 1ರ ತನಕ, ವೈ 0ಯಿಂದ ಎಕ್ಸ್‌ನ ವರ್ಗದ ತನಕ. ಮೂಲಬಿಂದುವಿನಲ್ಲಿ ಮುಳ್ಳಿನ ಹಾಗೆ ಚೂಪು. ಯಾವ ಪೊಟ್ಟಣವೂ ಅಲ್ಲಿ ಹಿಡಿಸದು. ಇಲ್ಲಿ ಎಕ್ಸ್‌ನ ಮೈನಸ್ 1/4 ಘಾತ ಅನ್ನುವ ಫಂಕ್ಷನ್ ಇಡಿ. ಡೆರಿವೇಟಿವಿನ ವರ್ಗ ಎಕ್ಸ್‌ನ ಮೈನಸ್ 5/2 ಘಾತದ ಹದಿನಾರನೇ ಒಂದು ಭಾಗ. ಅದನ್ನು ಅಗಲ, ಅಂದರೆ ಎಕ್ಸ್‌ನ ವರ್ಗದಿಂದ ಗುಣಿಸಿದರೆ ಮೈನಸ್ 1/2 ಘಾತ. ಇಂಟಿಗ್ರಲ್ ಸೀಮಿತ, ಬೆಲೆ 1/8. ಸೋಬೊಲೆವ್ ಲೆಕ್ಕದಲ್ಲಿ (ಫಂಕ್ಷನ್ನಿನ ಮತ್ತು ಅದರ ಡೆರಿವೇಟಿವಿನ ವರ್ಗದ ಇಂಟಿಗ್ರಲ್ ಸೀಮಿತ ಇರಬೇಕು) ಸಭ್ಯ ಫಂಕ್ಷನ್. ಈಗ ಅದರ 12ನೇ ಘಾತ ತೆಗೆದುಕೊಂಡು ಇಂಟಿಗ್ರೇಟ್ ಮಾಡಿ. ಎಕ್ಸ್‌ನ ಮೈನಸ್ 3 ಘಾತ ಗುಣಿಸು ಎಕ್ಸ್‌ನ ವರ್ಗ, ಅಂದರೆ 1/ಎಕ್ಸ್. ಅನಂತ! ಇಡೀ ಸಮತಲದಲ್ಲಿ ಅಂಥ ಸಭ್ಯ ಫಂಕ್ಷನ್ನಿಗೆ ಎಷ್ಟನೇ ಘಾತವಾದರೂ ಸೀಮಿತವೇ ಇರಬೇಕು. ಆದ್ದರಿಂದ ಈ ಫಂಕ್ಷನ್ನನ್ನು ಮುಳ್ಳಿನಿಂದಾಚೆಗೆ ಸಭ್ಯವಾಗಿ ವಿಸ್ತರಿಸಲು ಸಾಧ್ಯವೇ ಇಲ್ಲ.

ಒರಟಿನದು. ಕಾಖ್ 1904ರಲ್ಲಿ ಕೊಟ್ಟ ವಕ್ರರೇಖೆಯಿಂದ ಮಾಡಿದ ಹಿಮದ ಹರಳು. ಸುತ್ತಳತೆ ಅನಂತ, ಅಂಚಿನ ಆಯಾಮ ಸುಮಾರು 1.26, ಅಂಚು ಎಲ್ಲಿಯೂ ಗ್ರಾಫ್ ಅಲ್ಲ. ಲಿಪ್‌ಶಿಟ್ಸಿಗೆ ಹತ್ತಿರವೂ ಸುಳಿಯದು. ಆದರೆ ವಿಸ್ತರಣೆ ಆರಾಮಾಗಿ ಆಗುತ್ತದೆ! ಲಿಪ್‌ಶಿಟ್ಸ್ ಡೊಮೈನಿಗೆ ವಿಸ್ತರಣೆ ಸಾಧ್ಯ ಅಂತ ಕಾಲ್ಡೆರೋನ್ 1961ರಲ್ಲಿ ತೋರಿಸಿದರು, ಪಿ = 1 ಮತ್ತು ಪಿ = ಅನಂತ ಬಿಟ್ಟು (ಪಿ ಅಂದರೆ ವರ್ಗದ ಬದಲು ತೆಗೆದುಕೊಳ್ಳುವ ಘಾತ). ಅವೆರಡನ್ನೂ ಸೇರಿಸಿದ್ದು ಸ್ಟೈನ್, 1970ರಲ್ಲಿ. 1981ರಲ್ಲಿ ಪೀಟರ್ ಜೋನ್ಸ್ ಗ್ರಾಫನ್ನೇ ಕೈಬಿಟ್ಟರು. ಅವರು ಕೇಳಿದ್ದು ದಾರಿ. ಡೊಮೈನಿನ ಹತ್ತಿರದ ಎರಡು ಬಿಂದುಗಳ ನಡುವೆ ಒಳಗಿನಿಂದಲೇ ಒಂದು ದಾರಿ ಇರಬೇಕು, ಅದು ಬಹಳ ಸುತ್ತಬಾರದು, ನಡುವೆ ಇಕ್ಕಟ್ಟಾಗಬಾರದು. ಹಿಮದ ಹರಳಿನಲ್ಲಿ ಅಂಥ ದಾರಿ ಇದೆ. ಮೇಷ್ಟ್ರ ಸೀಳಿನಲ್ಲಿ ಇಲ್ಲ. ಸೀಳಿನ ಆಚೆ ಈಚೆ ಕೂದಲೆಳೆ ದೂರದಲ್ಲಿ ನಿಂತವರು ಭೇಟಿಯಾಗಲು ತುದಿ ತನಕ ಸುತ್ತಬೇಕು.

ಸೀಳು ಶಂಕು ಷರತ್ತು ದಾಟುತ್ತದೆ, ವಿಸ್ತರಣೆಗೆ ಆಗುವುದಿಲ್ಲ. ಹರಳು ಲಿಪ್‌ಶಿಟ್ಸಿಗೆ ಫೇಲ್, ವಿಸ್ತರಣೆಗೆ ಪಾಸ್. ಇವೆರಡನ್ನೂ ಒಂದೇ ಏಣಿಯಲ್ಲಿ ಎಲ್ಲಿ ನಿಲ್ಲಿಸುತ್ತೀರಿ?

ಮೇಷ್ಟ್ರು_ನಿವೃತ್ತ
ಇದಕ್ಕೆ ನನ್ನದೂ ಒಂದು ಸೇರಲಿ. ಡಿರಿಕ್ಲೆ ಸಮಸ್ಯೆ: ಅಂಚಿನಲ್ಲಿ ಬೆಲೆ ಕೊಟ್ಟರೆ ಒಳಗಿನ ಹಾರ್ಮೋನಿಕ್ ಫಂಕ್ಷನ್ ಅಂಚಿನ ಹತ್ತಿರ ಆ ಬೆಲೆಗೇ ಬರುತ್ತದೆಯೇ? ಹೊರಗಡೆ ಒಂದು ಶಂಕು ಊರಲು ಜಾಗ ಇದ್ದರೆ ಬರುತ್ತದೆ. ಇಲ್ಲಿ ಬೇಕಾದದ್ದು ಹೊರಗಿನ ಶಂಕು, ಒಳಗಿನದಲ್ಲ. ಯಾವಾಗಲೂ ಬರುವುದಿಲ್ಲ ಎಂದು 1911ರಲ್ಲಿ ಝರೆಂಬಾ ತೋರಿಸಿದರು. ತಟ್ಟೆಯ ನಡುವಿನ ಒಂದೇ ಒಂದು ಬಿಂದು ತೆಗೆದರೆ ಸಾಕು, ಆ ಬಿಂದುವಿನ ಬೆಲೆಯನ್ನು ಫಂಕ್ಷನ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೀಳು ತೆಗೆದರೆ? ಎರಡು ಆಯಾಮದಲ್ಲಿ ಸೀಳು ಕೂಡ ಸಾಕಷ್ಟು ದಪ್ಪ, ತುದಿಯಲ್ಲೂ ಬೆಲೆ ಸರಿಯಾಗಿ ಬರುತ್ತದೆ.

ಮೂರು ಆಯಾಮದಲ್ಲಿ ಮಜಾ. ಲೆಬೆಗ್ 1913ರಲ್ಲಿ ಚೆಂಡಿಗೆ ಹೊರಗಿನಿಂದ ಒಳಕ್ಕೆ ಒಂದು ಮುಳ್ಳು ಚುಚ್ಚಿದರು. ಮುಳ್ಳು ಬಹಳ ಬೇಗ ಸಣ್ಣಗಾಗುವಂಥದ್ದು, ತುದಿಯಿಂದ ಎಕ್ಸ್ ದೂರದಲ್ಲಿ ದಪ್ಪ "ಇ" ಸಂಖ್ಯೆಯ (ಮೈನಸ್ 1/ಎಕ್ಸ್) ಘಾತದ ಹಾಗೆ. ಅದರ ತುದಿಯಲ್ಲಿ ಡಿರಿಕ್ಲೆ ಕೆಟ್ಟಿತು. ಅದೇ ಮುಳ್ಳಿನ ದಪ್ಪ ಎಕ್ಸ್‌ನ 10ನೇ ಘಾತ ಇದ್ದರೆ ಕೆಡುವುದಿಲ್ಲ! ಕಣ್ಣಿಗೆ ಎರಡೂ ಸೂಜಿಯೇ. ಯಾವ ಸೂಜಿ ಕೆಡಿಸುತ್ತದೆ ಎಂಬುದಕ್ಕೆ ಪೂರ್ತಿ ಉತ್ತರ ವೀನರ್ 1924ರಲ್ಲಿ ಕೊಟ್ಟರು. ಅದು ಆಕಾರದ ಅಳತೆಯಲ್ಲ, ವಿದ್ಯುತ್ ಧಾರಕತೆಯಂಥ ಅಳತೆ. ತುದಿಯ ಹತ್ತಿರದ ಒಂದೊಂದು ತುಂಡಿನ ಧಾರಕತೆಯನ್ನು ಕೂಡಿಸಿ ನೋಡುವುದು.

ತುಂಗಭದ್ರೆ ಅವರ ಮಾತಿಗೆ ಸೇರಿಸಬೇಕಾದದ್ದು ಇದು: ಲೆಬೆಗ್ ಮುಳ್ಳಿನ ಡೊಮೈನಿನಲ್ಲಿ ಜೋನ್ಸ್ ದಾರಿ ಸಲೀಸಾಗಿ ಸಿಗುತ್ತದೆ. ಮೂರು ಆಯಾಮದಲ್ಲಿ ಸೂಜಿಯನ್ನು ಸುತ್ತಿಕೊಂಡು ಹೋಗಬಹುದಲ್ಲ. ವಿಸ್ತರಣೆಗೆ ಒಳ್ಳೆಯ ಡೊಮೈನ್, ಡಿರಿಕ್ಲೆಗೆ ಕೆಟ್ಟದ್ದು.

ಬೆಣ್ಣೆದೋಸೆ
ಎಲ್ಲಾ ಸರಿ. ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಬಹುಮುಖಿ ಅಂದರೆ ಚಪ್ಪಟೆ ಮುಖಗಳು, ಮುಳ್ಳಿಲ್ಲ, ಸೀಳಿಲ್ಲ. ಲಿಪ್‌ಶಿಟ್ಸ್ ಆಗಲೇಬೇಕು. ಈ ಸಲವಾದರೂ ನಾನು ಸರಿ ಅನ್ನಿ.

ತುಂಗಭದ್ರೆ
ಕ್ಷಮಿಸಿ 🙂

ಮನೆಯಲ್ಲಿ ಎರಡು ಬೆಂಕಿಪೊಟ್ಟಣ ಇದ್ದರೆ ತನ್ನಿ. ಒಂದನ್ನು ಮೇಜಿನ ಮೇಲೆ ಉದ್ದಕ್ಕೆ ಮಲಗಿಸಿ. ಅದರ ಮೇಲೆ ಇನ್ನೊಂದನ್ನು ಅಡ್ಡಕ್ಕೆ ಇಡಿ, ಕೂಡಿಸುವ ಚಿಹ್ನೆಯ ಹಾಗೆ. ಎರಡೂ ತಾಗುವ ಚೌಕದಲ್ಲಿ ನಡುವಿನ ಗೋಡೆ ತೆಗೆದಿದ್ದೇವೆ ಅಂದುಕೊಳ್ಳಿ. ಇದು ಒಂದೇ ಡೊಮೈನ್, ಅಪ್ಪಟ ಬಹುಮುಖಿ.

ಆ ಚೌಕದ ಒಂದು ಮೂಲೆಗೆ ಬೆರಳಿಡಿ. ಅಲ್ಲಿ ಬುಡಬುಡಿಕೆ ನಿಲ್ಲಿಸಲು ನೋಡಿ. ಕೆಳಗಿನ ಪೊಟ್ಟಣದ ಮೇಲ್ಮುಖ ಆ ಮೂಲೆಗೆ ಬಂದು ಸೇರುತ್ತದೆ. ಆ ಮುಖದಿಂದ ಒಳಗೆ ಹೋಗಬೇಕಾದರೆ ಕೆಳಕ್ಕೆ ಹೋಗಬೇಕು. ಮೇಲಿನ ಪೊಟ್ಟಣದ ತಳಮುಖವೂ ಅದೇ ಮೂಲೆಗೆ ಬರುತ್ತದೆ. ಅಲ್ಲಿಂದ ಒಳಗೆ ಹೋಗಬೇಕಾದರೆ ಮೇಲಕ್ಕೆ. ಒಂದೇ ದಿಕ್ಕು ಏಕಕಾಲಕ್ಕೆ ಕೆಳಕ್ಕೂ ಮೇಲಕ್ಕೂ ಇರಲಾರದು. ಆದ್ದರಿಂದ ಆ ನಾಲ್ಕು ಮೂಲೆಗಳಲ್ಲಿ ಅಂಚು ಗ್ರಾಫ್ ಅಲ್ಲ, ಡೊಮೈನ್ ಲಿಪ್‌ಶಿಟ್ಸ್ ಅಲ್ಲ. ಸಾದಾ ಶಂಕು ಷರತ್ತು ಮಾತ್ರ ಆರಾಮಾಗಿ ಪಾಸ್, ಯಾಕೆಂದರೆ ಇದು ಎರಡು ಪೆಟ್ಟಿಗೆ ಸೇರಿದ್ದು. ಇದನ್ನು "ಎರಡು ಇಟ್ಟಿಗೆ" ಉದಾಹರಣೆ ಅಂತ ಕರೆಯುತ್ತಾರೆ.

ಎರಡು ಆಯಾಮದಲ್ಲಿ ಹೀಗಾಗುವುದಿಲ್ಲ. ಬಹುಭುಜದ ಅಂಚು ತನ್ನನ್ನೇ ಮುಟ್ಟದಿದ್ದರೆ ಲಿಪ್‌ಶಿಟ್ಸ್ ಖಂಡಿತ. ಬೆಣ್ಣೆದೋಸೆ ಅವರ ನೋಟ್ಸ್ ಬಹುಶಃ ಸಮತಲದ್ದು.

ಅಂಚಿನಲ್ಲಿರುವವ
ಒಂದು ನಿಮಿಷ. ನನಗೆ ಬೆವರು ಬರುತ್ತಿದೆ.

ನನ್ನ ಡೊಮೈನ್ ಅದೇ. ಎರಡು ಕಾಲುವೆ, ಒಂದರ ಮೇಲೊಂದು ಅಡ್ಡಡ್ಡ, ತಾಗುವ ಕಡೆ ತೆರೆದಿದೆ, ಒಳಗೆ ದ್ರವ ಹರಿಯುತ್ತದೆ. ಎರಡನೇ ಅಧ್ಯಾಯದ ಮೊದಲ ಸಾಲೇ "ಡೊಮೈನ್ ಬಹುಮುಖಿಯಾದ್ದರಿಂದ ಲಿಪ್‌ಶಿಟ್ಸ್". ಒಂದು ವರ್ಷದ ಕೆಲಸ ಅದರ ಮೇಲೆ ನಿಂತಿದೆ. ಗೈಡ್ ಕೂಡ ಆ ಸಾಲನ್ನು ನೋಡಿ ಟಿಕ್ ಹಾಕಿದ್ದಾರೆ.

ಗೋಲಿಸೋಡ
ಅಯ್ಯೋ.

ತುಂಗಭದ್ರೆ
ಗಾಬರಿ ಬೇಡ. ಆ ಸಾಲಿನಿಂದ ಮುಂದೆ ಏನೇನು ಬಳಸಿದ್ದೀರಿ ಅದನ್ನು ಹೇಳಿ. ವಿಸ್ತರಣೆ? ಅಂಚಿನ ಬೆಲೆ, ಅಂದರೆ ಟ್ರೇಸ್? ಅಥವಾ ಎಲ್ಲಾದರೂ "ಈ ದಿಕ್ಕಿಗೆ ಸ್ವಲ್ಪ ಸರಿಸಿದರೆ ಡೊಮೈನ್ ಒಳಗೇ ಇರುತ್ತದೆ" ಅಂತ ಸರಿಸಿದ್ದೀರಾ?

ಅಂಚಿನಲ್ಲಿರುವವ
ಈಗಷ್ಟೇ ಪೂರ್ತಿ ತಿರುವಿ ನೋಡಿದೆ. ವಿಸ್ತರಣೆ ಐದು ಕಡೆ. ಟ್ರೇಸ್ ಮೂರು ಕಡೆ. ಸರಿಸುವುದು ಒಂದೇ ಕಡೆ, ಲೆಮ್ಮಾ 2.4ರಲ್ಲಿ, ಫಂಕ್ಷನ್ನನ್ನು ನುಣುಪು ಮಾಡಲು.

ತುಂಗಭದ್ರೆ
ಹಾಗಾದರೆ ಬದುಕಿದಿರಿ. ಆ ಕೆಟ್ಟ ಮೂಲೆಯ ಹತ್ತಿರದ ಡೊಮೈನನ್ನು ಎಳೆದು ತಿರುಚಿ ಅರ್ಧಜಾಗದ (ಚಪ್ಪಟೆ ತಲದ ಒಂದು ಬದಿಯ) ಆಕಾರಕ್ಕೆ ತರಬಹುದು. ದೂರಗಳು ಒಂದು ಮಿತಿಗಿಂತ ಜಾಸ್ತಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಮೂಲೆಯ ಸುತ್ತ ಒಂದು ಚಿಕ್ಕ ಗೋಳ ಬರೆದರೆ ಡೊಮೈನ್ ಅದರ ಮೇಲೆ ಒಂದೇ ತುಂಡಾಗಿ ಕಾಣುತ್ತದೆ. ನಾಲ್ಕು ತಿರುವು: ಎರಡು 90 ಡಿಗ್ರಿ, ಎರಡು 270 ಡಿಗ್ರಿ. ಅದನ್ನು ಅರ್ಧಗೋಳಕ್ಕೆ ಹಿಗ್ಗಿಸಿ, ತ್ರಿಜ್ಯದ ಉದ್ದಕ್ಕೂ ಹಾಗೇ ಎಳೆದರೆ ಆಯಿತು. ಇಂಥ ಡೊಮೈನನ್ನು ದುರ್ಬಲ ಲಿಪ್‌ಶಿಟ್ಸ್ ಅನ್ನುತ್ತಾರೆ. ಮೊದಲ ಡೆರಿವೇಟಿವ್ ಮಟ್ಟದ ವಿಸ್ತರಣೆ, ಟ್ರೇಸ್ ಎರಡೂ ಅಲ್ಲಿ ನಡೆಯುತ್ತವೆ, ಅರ್ಧಜಾಗದಲ್ಲಿ ಕನ್ನಡಿ ಬಿಂಬದ ಉಪಾಯ ಮಾಡಿ ವಾಪಸ್ ತಂದರಾಯಿತು.

ಲೆಮ್ಮಾ 2.4ಕ್ಕೆ ಮಾತ್ರ ಸರಿಸುವ ಉಪಾಯ ಬಿಡಿ. ಮೊದಲು ವಿಸ್ತರಿಸಿ, ಆಮೇಲೆ ಹೊರಗೆ ನಿಂತು ನುಣುಪು ಮಾಡಿ. ನಾಲ್ಕು ಸಾಲಿನ ಕೆಲಸ. ಆದರೆ ಒಂದು ಎಚ್ಚರಿಕೆ: ಎರಡನೇ ಡೆರಿವೇಟಿವ್ ಎಲ್ಲಿಯೂ ಕೇಳಬೇಡಿ. ನಿಮ್ಮ ಕಾಲುವೆಗಳಲ್ಲಿ ಎರಡು ಮುಖಗಳು 270 ಡಿಗ್ರಿಗೆ ಕೂಡುವ ಗೆರೆಗಳಿವೆ, ಸೈಟ್_ಇಂಜಿನಿಯರ್ ಅವರ ಮೂಲೆಯೇ ಅದು.

ಸೈಟ್_ಇಂಜಿನಿಯರ್
ಮೆಶ್‌ನಲ್ಲಿ ಆ ಗೆರೆಗಳ ಹತ್ತಿರ ಸಣ್ಣ ಎಲಿಮೆಂಟ್ ಹಾಕಿ. ಎಲ್ಲ ಕಡೆ ಸಣ್ಣ ಮಾಡುತ್ತಾ ಕೂತರೆ ಕಂಪ್ಯೂಟರ್ ಬಿಸಿಯಾಗುತ್ತದೆ, ಉತ್ತರ ಬರುವುದಿಲ್ಲ.

ಅಂಚಿನಲ್ಲಿರುವವ
ಲೆಮ್ಮಾ 2.4 ಹೊಸದಾಗಿ ಬರೆದೆ, ಐದು ಸಾಲಾಯಿತು. ಅಧ್ಯಾಯದ ಮೊದಲ ಸಾಲನ್ನೂ ತಿದ್ದಿದೆ. ಬೆಂಕಿಪೊಟ್ಟಣ ಎರಡು ತಂದು ಗೈಡ್ ಮೇಜಿನ ಮೇಲೆ ಅಡ್ಡಡ್ಡ ಇಟ್ಟೆ. ಅವರು ಐದು ನಿಮಿಷ ತಿರುಗಿಸಿ ತಿರುಗಿಸಿ ನೋಡಿ, ಪೆನ್ನಿನ ಟೋಪಿಯನ್ನು ಆ ಮೂಲೆಗೆ ಒಂದೊಂದೇ ದಿಕ್ಕಿಗೆ ಹಿಡಿದು, ಕೊನೆಗೆ ಅವರೇ ಹಾಕಿದ್ದ ಟಿಕ್ ಮಾರ್ಕನ್ನು ಅಳಿಸಿದರು.

ಬೆಣ್ಣೆದೋಸೆ
ಪೊಟ್ಟಣಗಳನ್ನು ಅಡ್ಡಡ್ಡ ಇಡದೆ ಓರೆಯಾಗಿ, 45 ಡಿಗ್ರಿಗೆ ಇಟ್ಟರೆ?

ಮೇಷ್ಟ್ರು_ನಿವೃತ್ತ
ಮೂಲೆಗೆ ಬೆರಳಿಟ್ಟು ನೀವೇ ನೋಡಿ. ಮೇಲ್ಮುಖ ಎಲ್ಲಿಗೆ ಕರೆಯುತ್ತದೆ, ತಳಮುಖ ಎಲ್ಲಿಗೆ?

ಬೆಣ್ಣೆದೋಸೆ
ಕೆಳಕ್ಕೆ. ಮೇಲಕ್ಕೆ. ಅಯ್ಯೋ, ಓರೆ ಮಾಡಿದರೂ ಅದೇ.